ಸವಾರ, ಬಿಲ್ಲೆ, ಪಂಕ್ಚರ್: ಸೈಕಲ್ಲಿನ ಮಾತುಗಳ ಚರಿತ್ರೆ

ಬೆಂಗಳೂರು-ಮೈಸೂರು ನಡುವಿನ 118 ಕಿಲೋಮೀಟರ್ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಕೆಲವು ವಾಹನಗಳು ಬರಕೂಡದೆಂದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಆದೇಶ ಹೊರಡಿಸಿತು. ಬೈಕು, ಸ್ಕೂಟರ್, ಆಟೋರಿಕ್ಷಾ, ಟ್ರ್ಯಾಕ್ಟರ್ ಮುಂತಾದವುಗಳ ಜೊತೆಗೆ ಆ ಪಟ್ಟಿಯಲ್ಲಿ ಇನ್ನೊಂದು ಬಾಬತ್ತು ಇತ್ತು: ಮೋಟಾರುರಹಿತ ವಾಹನಗಳು. ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಹೆಚ್ಚಾಗಿ ಬೈಕು ಮತ್ತು ಆಟೋಗಳ ಬಗ್ಗೆ. ಸೈಕಲ್ಲು ಎತ್ತಿನಗಾಡಿಯ ಜೊತೆ ಆ ಒಂದು ಪದದೊಳಗೆ ಸದ್ದಿಲ್ಲದೆ ಸೇರಿಹೋಯಿತು.

ಆ ಪದ ನಮ್ಮನ್ನು ತಡೆದು ನಿಲ್ಲಿಸಿತು. ಒಂದು ವಸ್ತುವನ್ನು ಅದರಲ್ಲಿ ಏನಿದೆ ಎಂಬುದರಿಂದಲ್ಲ, ಏನಿಲ್ಲ ಎಂಬುದರಿಂದ ಕರೆಯುವುದು ಯಾವಾಗ ಶುರುವಾಯಿತು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನ ಒಂದು ಕಾಲದಲ್ಲಿ ಅದೇ ವಸ್ತುವನ್ನು ಬೇರೆ ಬೇರೆ ಹೆಸರು ಹಿಡಿದು ಕರೆಯುತ್ತಿದ್ದರು, ಆ ಹೆಸರುಗಳಲ್ಲಿ ಅದರ ಕೆಲಸ, ಅದರ ಬೆಲೆ, ಅದರ ಮೇಲೆ ಕೂತವನ ಸ್ಥಾನ ಎಲ್ಲವೂ ಇದ್ದವು. ಹೆಸರು ಬದಲಾದಾಗ ಏನೇನು ಕೈತಪ್ಪುತ್ತದೆ ಎಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾಮನಗರ ಹಿಂದೆ ಕ್ಲೋಸ್‌ಪೇಟೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರು ಊರಿನಿಂದ ಹೋದರೂ ಭೂವಿಜ್ಞಾನಿಗಳ ಬಾಯಲ್ಲಿ ಇಲ್ಲಿಯ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಕನಕಪುರ ಹಿಂದೆ ಕಾನಕಾನಹಳ್ಳಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಈ ನಾಲ್ಕು ತಾಲೂಕುಗಳು ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡುವ ತೀರ್ಮಾನವನ್ನು ಸಚಿವ ಸಂಪುಟ ತೆಗೆದುಕೊಂಡಿತು. ಊರಿನ ಹೆಸರಿನ ಬಗ್ಗೆ ಜಗಳವಾಡುವಷ್ಟು ದಾರಿಯಲ್ಲಿ ಓಡಾಡುವವರ ಹೆಸರಿನ ಬಗ್ಗೆ ನಾವು ಯೋಚಿಸಿಲ್ಲ.

ಸೈಕಲ್ಲಿನ ಯಂತ್ರಚರಿತ್ರೆ ಎಲ್ಲರಿಗೂ ಗೊತ್ತಿರುವಂಥದ್ದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ನೆಲವನ್ನು ಕಾಲಿನಿಂದ ಒದೆದು ಓಡಿಸುವ ಎರಡು ಚಕ್ರದ ಮರದ ಗಾಡಿ ಮಾಡಿದ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಪೆಡಲ್ ಬಂತು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎರಡೂ ಚಕ್ರ ಸಮನಾಗಿರುವ, ಚೈನಿನಿಂದ ಹಿಂದಿನ ಚಕ್ರ ತಿರುಗುವ ಸೈಕಲ್ ಮಾಡಿದ. 1888ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ಟೈರು ಕೊಟ್ಟ. ನಮಗೆ ಇಲ್ಲಿ ಮುಖ್ಯವೆನಿಸುವುದು ಬೇರೆ ಬೇರೆ ಭಾಷೆಗಳು ಈ ಹೊಸ ಪ್ರಾಣಿಗೆ ಇಟ್ಟ ಹೆಸರು. ಫಾರ್ಸಿಯಲ್ಲಿ ಅದು ದೋಚರ್ಖೆ, ಎರಡು ಚಕ್ರದ್ದು. ಅರಬಿಯಲ್ಲಿ ದರ್ರಾಜಾ, ಮೆಟ್ಟಿಲು, ಹೆಜ್ಜೆ ಎಂಬ ಅರ್ಥದ ಮಾತುಗಳು ಹುಟ್ಟುವ ಧಾತುವಿನಿಂದಲೇ ಬಂದದ್ದು. ಚೀನೀಯರು ತಾನಾಗಿ ನಡೆಯುವ ಗಾಡಿ ಎಂದರು. ಕನ್ನಡ ಮಾತ್ರ ಇಂಗ್ಲಿಷಿನಿಂದ ಬಂದದ್ದನ್ನೇ ಬಾಯಿಗೆ ಒಗ್ಗಿಸಿಕೊಂಡು ಬೈಸಿಕಲ್ಲು, ಸೈಕಲ್ಲು ಎಂದಿತು. ದಖ್ಖನಿ ಉರ್ದು ಮಾತಾಡುವ ಮನೆಗಳಲ್ಲೂ ಅದು ಸೈಕಲ್ಲೇ. ಹೀಗೆ ಈ ಸೀಮೆಯಲ್ಲಿ ಒಕ್ಕಲಿಗರ ಕೇರಿಗೂ ಮುಸ್ಲಿಮರ ಮೊಹಲ್ಲಾಕ್ಕೂ ಒಂದೇ ಪದವಾಗಿ ಉಳಿದ ಕೆಲವೇ ವಸ್ತುಗಳಲ್ಲಿ ಸೈಕಲ್ಲೂ ಒಂದು.

ಆದರೆ ಸೈಕಲ್ ತುಳಿಯುವವನಿಗೆ ಕನ್ನಡ ಕೊಟ್ಟ ಹೆಸರನ್ನು ಗಮನಿಸಿ. ಸವಾರ! ಅದು ಫಾರ್ಸಿಯಿಂದ ಬಂದ ಪದ, ಕುದುರೆ ಏರಿದವನದು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ದಂಡಿನಲ್ಲಿ ಸವಾರನೆಂದರೆ ಕಾಲಾಳಿಗಿಂತ ಮೇಲಿನವನು. ಅವನು ಓಡುವ ರಸ್ತೆಯೂ ಫಾರ್ಸಿಯದೇ. ಅವನಿಗೆ ಬೇಕಾದ ಪರವಾನಗಿ, ತಪ್ಪಿದರೆ ತೆರಬೇಕಾದ ಜುಲ್ಮಾನೆ ಎಲ್ಲವೂ ಅದೇ ಆಡಳಿತದ ಪದಕೋಶದಿಂದ ಕನ್ನಡಕ್ಕೆ ಬಂದು ನಮ್ಮವೇ ಆಗಿ ಹೋದವು. ಒಂದು ಹಳೆಯ ಸೈಕಲ್ಲಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ಹೊರಟ ಕೂಲಿಯಾಳನ್ನೂ ಪತ್ರಿಕೆಗಳು 'ಸೈಕಲ್ ಸವಾರ' ಎಂದೇ ಬರೆಯುತ್ತವೆ. ಭಾಷೆ ತನಗೆ ಗೊತ್ತಿಲ್ಲದೆಯೇ ಅವನನ್ನು ಕುದುರೆಯ ಮೇಲೆ ಕೂರಿಸಿದೆ. ದುಃಖದ ಸಂಗತಿಯೆಂದರೆ, ಆ ಬಿರುದು ಅವನಿಗೆ ಬಹುತೇಕ ಸಿಗುವುದು ಸತ್ತ ಸುದ್ದಿಯ ತಲೆಬರಹದಲ್ಲಿ.

ಆ ತಲೆಬರಹಗಳ ಬಗ್ಗೆ ಒಂದು ಮಾತು. 'ಕಾರಿಗೆ ಅಡ್ಡ ಬಂದ ಸೈಕಲ್' ಎಂದು ಓದಿ ಓದಿ ನಮಗೆ ಅಭ್ಯಾಸವಾಗಿದೆ. 'ಸೈಕಲ್ಲಿಗೆ ಅಡ್ಡ ಬಂದ ಕಾರು' ಎಂದು ಯಾರೂ ಬರೆದದ್ದನ್ನು ನಾವು ಕಂಡಿಲ್ಲ. ಅಡ್ಡ ಬರುವುದೆಂದರೆ ತನ್ನದಲ್ಲದ ಜಾಗಕ್ಕೆ ಬರುವುದು. ಆ ಎರಡಕ್ಷರದಲ್ಲಿ ರಸ್ತೆ ಯಾರದೆಂಬ ತೀರ್ಪು ಮುಗಿದುಹೋಗಿರುತ್ತದೆ. ಅಮೆರಿಕದಲ್ಲಿ ಮೋಟಾರು ಬಂದ ಹೊಸತರಲ್ಲಿ, ಅಂದರೆ 1910 ಮತ್ತು 20ರ ದಶಕಗಳಲ್ಲಿ, ನಡೆದು ರಸ್ತೆ ದಾಟುವವನನ್ನು ಹೀಗಳೆಯಲು 'ಜೇವಾಕಿಂಗ್' ಎಂಬ ಪದವನ್ನು ಚಲಾವಣೆಗೆ ತಂದರು. ಜೇ ಎಂದರೆ ಹಳ್ಳಿ ಗಮಾರ. ಅಲ್ಲಿಯತನಕ ರಸ್ತೆ ಎಲ್ಲರದಾಗಿತ್ತು, ಮಕ್ಕಳು ಆಡುತ್ತಿದ್ದರು. ಒಂದು ಬೈಗುಳ ಬಳಕೆಗೆ ಬಂದು ಕಾನೂನಿಗೂ ದಾರಿಯಾಯಿತು. ಇನ್ನು 'ಅಪಘಾತ'. ಇಂಗ್ಲಿಷಿನ 'ಆಕ್ಸಿಡೆಂಟ್' ಎಂಬ ಪದ ತಪ್ಪನ್ನು ವಿಧಿಯ ಮೇಲೆ ಹಾಕುತ್ತದೆಂದು ರಸ್ತೆ ಸುರಕ್ಷತೆಯ ಹೋರಾಟಗಾರರು ಅದನ್ನು ಬಿಟ್ಟು 'ಕ್ರ್ಯಾಶ್' ಎನ್ನುತ್ತಿದ್ದಾರೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ಅಪಘಾತದೊಳಗೆ ಘಾತ, ಅಂದರೆ ಪೆಟ್ಟು, ಇದೆ. ಅದನ್ನು ಆಕಸ್ಮಿಕ ಎಂದು ಅರ್ಥ ಮಾಡಿಕೊಂಡದ್ದು ನಾವು.

ಸೈಕಲ್ ಈ ಊರುಗಳಲ್ಲಿ ಬೇರು ಬಿಟ್ಟದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. 1881ರಲ್ಲೇ ಬೆಂಗಳೂರಿನಿಂದ ರಾಮನಗರದ ಮೇಲೆ ಚನ್ನಪಟ್ಟಣಕ್ಕೆ ರೈಲು ಬಂತು, ಮುಂದೆ ಮೈಸೂರಿಗೆ ಹೋಯಿತು. ಕನಕಪುರಕ್ಕೂ ಮಾಗಡಿಗೂ ರೈಲು ಬರಲಿಲ್ಲ. ರೈಲು ಬಂದಲ್ಲಿ ಸ್ಟೇಷನ್ನಿನಿಂದ ಮನೆಗೆ, ಬರದಲ್ಲಿ ಹಳ್ಳಿಯಿಂದ ಪೇಟೆಗೆ, ಎರಡೂ ಕಡೆ ನಡುವೆ ನಾಲ್ಕೆಂಟು ಮೈಲಿ ಉಳಿಯುತ್ತಿತ್ತು. ಸಾರಿಗೆ ಯೋಜಕರು ಇದನ್ನು ಈಗ 'ಕೊನೆಯ ಮೈಲಿ' ಎಂದು ದೊಡ್ಡ ಸಮಸ್ಯೆಯಾಗಿ ಕಂಡುಹಿಡಿದಿದ್ದಾರೆ. ನಮ್ಮಲ್ಲಿ ಅದನ್ನು ಬಾಡಿಗೆ ಸೈಕಲ್ ಬಗೆಹರಿಸಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪು, ಗಂಟೆ ಲೆಕ್ಕದ ಬಾಡಿಗೆ, ಹೆಸರು ಮತ್ತು ಹೊತ್ತು ಬರೆಯುವ ಒಂದು ಉದ್ದನೆಯ ಪುಸ್ತಕ, ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ನಂಬರು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 450 ಸೈಕಲ್‌ಗಳೊಂದಿಗೆ 'ಟ್ರಿಣ್ ಟ್ರಿಣ್' ಯೋಜನೆ ಆರಂಭವಾದಾಗ ಅದನ್ನು 'ಸಾರ್ವಜನಿಕ ಬೈಸಿಕಲ್ ಹಂಚಿಕೆ' ಎಂದು ಕರೆದರು. ಒಳ್ಳೆಯ ಯೋಜನೆ, ಅದರ ಹೆಸರಂತೂ ಬಹಳ ಚಂದ. ಆದರೆ ಸೈಕಲ್ ಶಾಪಿನ ಸಾಬರಿಗೆ ಇದನ್ನು ಹೇಳಿದ್ದರೆ, ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ ಅಲ್ಲವೇ ಎಂದು ಕೇಳುತ್ತಿದ್ದರು.

ಆ ಬಾಡಿಗೆ ಸೈಕಲ್ಲಿನಿಂದಲೇ ಒಂದು ಇಡೀ ಶಬ್ದಸಂಪತ್ತು ಹುಟ್ಟಿತು. ಎತ್ತರದ ಸೈಕಲ್ಲಿನ ಬಾರಿನ ಕೆಳಗಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ ತುಳಿಯುವುದು ಒಳಪೆಡಲ್. ಕಾಲು ಎಟುಕುವ ವಯಸ್ಸು ಬಂದಾಗ ಸೀಟು. ಹಿಂದೆ ಕೂತವನಿಗೆ ಕ್ಯಾರಿಯರ್, ಮುಂದೆ ಕೂತ ಮಗುವಿಗೆ ಬಾರು. ಇಬ್ಬರು ಕೂತರೆ ಡಬಲ್ಸು, ಮೂವರಾದರೆ ತ್ರಿಬಲ್ಸು. ರಿಮ್ಮಿನ ಕಡ್ಡಿ, ಬ್ರೇಕಿನ ಕಟ್ಟೆ, ಟ್ಯೂಬಿಗೆ ಪ್ಯಾಚು, ಚಕ್ರ ವಾಲಿದರೆ 'ಬೆಂಡ್ ತೆಗೆಯುವುದು'. ಸವಾರಿ ಮಾಡುವುದಕ್ಕೂ 'ಸೈಕಲ್ ಹೊಡೆಯುವುದು', ಬದುಕಿನಲ್ಲಿ ಸುತ್ತಿ ಸುತ್ತಿ ಒದ್ದಾಡುವುದಕ್ಕೂ 'ಸೈಕಲ್ ಹೊಡೆಯುವುದು'. ಕಾಲೇಜು ಹುಡುಗರ ಬಾಯಲ್ಲಿ ಈ ಎರಡನೆಯ ಅರ್ಥವೇ ಹೆಚ್ಚು ಓಡಾಡುವುದು. ಶ್ರಮದ ಪದ ಗೇಲಿಯ ಪದವಾಗುವುದನ್ನು ಇಲ್ಲಿಯೇ ಮೊದಲು ಕಾಣಬಹುದು.

ಸರ್ಕಾರದ ಪದಗಳು ಬೇರೆ. ಪುರಸಭೆಗಳು ಸೈಕಲ್ಲಿಗೆ ವರ್ಷಕ್ಕೊಮ್ಮೆ ತೆರಿಗೆ ಹಾಕುತ್ತಿದ್ದವು. ಕರ್ನಾಟಕ ಪುರಸಭೆಗಳ 1964ರ ಕಾಯ್ದೆ ಮೋಟಾರು ವಾಹನಗಳಲ್ಲದ ವಾಹನಗಳ ಮೇಲೆ ತೆರಿಗೆ ಹಾಕಲು ಅವಕಾಶ ಕೊಟ್ಟಿತ್ತು. ಹಣ ಕಟ್ಟಿದವರಿಗೆ ಲೋಹದ ಒಂದು ಪುಟ್ಟ ಬಿಲ್ಲೆ. ಅದನ್ನು ಸೈಕಲ್ಲಿಗೆ ಬಿಗಿದುಕೊಳ್ಳಬೇಕು. ರಾತ್ರಿ ದೀಪ ಇರಬೇಕು, ಡಬಲ್ಸು ಹೋಗಬಾರದು. ಪೊಲೀಸನನ್ನು ದೂರದಿಂದ ಕಂಡು ಹಿಂದೆ ಕೂತವನು ಧುಮುಕಿ ನಡೆಯುತ್ತಾ ಬರುವ ದೃಶ್ಯ ಆ ತಲೆಮಾರಿನ ಎಲ್ಲರ ನೆನಪಿನಲ್ಲೂ ಇದೆ. ಇದನ್ನು ಹಳಬರು ಕಿರುಕುಳವೆಂದೇ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನಮಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಬಿಲ್ಲೆ ಇದ್ದ ಕಾಲದಲ್ಲಿ ಊರಲ್ಲಿ ಎಷ್ಟು ಸೈಕಲ್ ಇವೆಯೆಂದು ಪುರಸಭೆಗೆ ಗೊತ್ತಿತ್ತು. ತೆರಿಗೆ ಕಟ್ಟಿದವನು ರಸ್ತೆ ಹಾಳಾದರೆ ಕೇಳಬಹುದಾಗಿತ್ತು. ಬಿಲ್ಲೆ ಮಾಯವಾದ ಮೇಲೆ ಸೈಕಲ್ ಲೆಕ್ಕದಿಂದಲೂ ಮಾಯವಾಯಿತು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ಅದು ಮೋಟಾರು ವಾಹನವಲ್ಲ. 2019ರ ತಿದ್ದುಪಡಿಯಲ್ಲಿ ಕೊನೆಗೂ ಅದರ ಉಲ್ಲೇಖ ಬಂತು. 'ಯಾಂತ್ರಿಕ ಶಕ್ತಿಯಿಂದ ಚಲಿಸದ ವಾಹನಗಳು ಮತ್ತು ಪಾದಚಾರಿಗಳ' ಚಟುವಟಿಕೆ ಹಾಗೂ ಪ್ರವೇಶವನ್ನು ನಿಯಂತ್ರಿಸಲು ರಾಜ್ಯ ಸರ್ಕಾರಗಳು ನಿಯಮ ಮಾಡಬಹುದೆಂದು. ಅಂದರೆ ನೆನಪಾದದ್ದು ನಿಯಂತ್ರಿಸುವ ಸಲುವಾಗಿ.

ಇದೇ ಕಾಲದಲ್ಲಿ ಕನ್ನಡದಲ್ಲಿ ಒಂದು ಪದವೂ ಕೈತಪ್ಪಿತು. 'ದ್ವಿಚಕ್ರ ವಾಹನ' ಎಂದರೆ ಅಕ್ಷರಶಃ ಸೈಕಲ್ಲು; ಫಾರ್ಸಿಯ ದೋಚರ್ಖೆಯ ಅಚ್ಚು ಅದು. ಇಂದು 'ದ್ವಿಚಕ್ರ ವಾಹನ ನಿಲುಗಡೆ' ಎಂಬ ಫಲಕದ ಕೆಳಗೆ ಸೈಕಲ್ ನಿಲ್ಲಿಸಿ ನೋಡಿ, ಕಾವಲಿನವನು ಬಂದು ಎಬ್ಬಿಸುತ್ತಾನೆ. 2011ರ ಜನಗಣತಿಯ ಪ್ರಕಾರ ದೇಶದ ಶೇ. 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು, ಶೇ. 21ರಷ್ಟರಲ್ಲಿ ಬೈಕು ಅಥವಾ ಸ್ಕೂಟರ್, ಶೇ. 4.7ರಷ್ಟರಲ್ಲಿ ಕಾರು. ಎರಡು ಚಕ್ರದ ಹೆಸರು ಮಾತ್ರ ಕಡಿಮೆ ಮನೆಗಳ ಪಾಲಾಯಿತು.

ಎಂಜಿನಿಯರುಗಳ ಲೆಕ್ಕದಲ್ಲಿ ಸೈಕಲ್ಲಿಗೆ ಇನ್ನೊಂದು ಹೆಸರಿದೆ: ಅರ್ಧ ಕಾರು. ರಸ್ತೆಯ ಅಗಲ ಎಷ್ಟಿರಬೇಕೆಂದು ತೀರ್ಮಾನಿಸಲು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಿ ಕೂಡುತ್ತಾರೆ. ಗ್ರಾಮೀಣ ಹೆದ್ದಾರಿಗಳಿಗೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಕಾರು 1, ಬಸ್ಸು-ಲಾರಿ 3, ಸೈಕಲ್ 0.5, ಬೈಕೂ 0.5, ತಳ್ಳುಗಾಡಿ 3, ಕುದುರೆಗಾಡಿ 4, ಎತ್ತಿನಗಾಡಿ 8. ಕಾರಿಗೆ ಯಾರು ಎಷ್ಟು ಅಡಚಣೆ ಮಾಡುತ್ತಾರೆ ಎಂಬುದೇ ಇಲ್ಲಿಯ ಅಳತೆ. ಗಾಡಿಯಲ್ಲಿ ಎಷ್ಟು ಜನ ಇದ್ದಾರೆ, ಯಾರ ಅನ್ನ ಅದರ ಮೇಲಿದೆ ಎಂಬುದು ಕೋಷ್ಟಕದಲ್ಲಿ ಬರುವುದಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಗುರಿಯಾಗಬೇಕು ಎಂದಿತು. ಆದರೆ ಎಣಿಸುವ ಮಾನ ಅದೇ ಉಳಿಯಿತು.

ರಾಮನಗರದ ಸೈಕಲ್ಲನ್ನು ಈ ಅರ್ಧದ ಲೆಕ್ಕಕ್ಕೆ ತರುವುದು ಹೇಗೆ? ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಇಲ್ಲಿಯ ಗೂಡು ಮಾರುಕಟ್ಟೆಯಲ್ಲಿ ರೈತರು ತಂದ ರೇಷ್ಮೆಗೂಡನ್ನು ರೀಲರುಗಳು ಕೊಂಡು ತಮ್ಮ ನೂಲು ಬಿಚ್ಚುವ ಘಟಕಗಳಿಗೆ ಒಯ್ಯುತ್ತಾರೆ. ಟಿಪ್ಪು ಸುಲ್ತಾನ್ ಮಸ್ಕತ್ತಿನಿಂದ, ಬಂಗಾಳದಿಂದ ರೇಷ್ಮೆಹುಳು ತರಿಸಲು ಮಾಡಿದ ಪ್ರಯತ್ನದಿಂದ ಈ ಸೀಮೆಯ ರೇಷ್ಮೆಯ ಕತೆ ಶುರುವಾಗುತ್ತದೆ. ಬೆಳೆಯುವವರಲ್ಲಿ ಒಕ್ಕಲಿಗರು ಹೆಚ್ಚು, ನೂಲು ತೆಗೆಯುವವರಲ್ಲಿ ಮುಸ್ಲಿಮರು ಹೆಚ್ಚು. ಗೂಡು ಹಗುರ, ಆದರೆ ಜಾಗ ಬೇಡುವ ಸರಕು. ಕಿಲೋಗೆ ಐನೂರಕ್ಕೂ ಮಿಕ್ಕಿ ಗೂಡುಗಳು. ಒತ್ತಿ ತುಂಬುವಂತಿಲ್ಲ, ಒತ್ತಿದರೆ ಒಳಗಿನ ಹುಳು ಸಿಡಿದು ನೂಲು ಕೆಡುತ್ತದೆ. ಆದ್ದರಿಂದ ಕ್ಯಾರಿಯರಿನ ಎರಡೂ ಕಡೆಗೆ ಇಳಿಬಿಟ್ಟ ಚೀಲಗಳೊಡನೆ ಸೈಕಲ್ಲು ಕಾರಿನಷ್ಟೇ ಅಗಲವಾಗಿ ಬಿಡುತ್ತದೆ. ಹಿಪ್ಪುನೇರಳೆ ಸೊಪ್ಪಿನ ಹೊರೆಯೂ ಹಾಗೆಯೇ. ಚನ್ನಪಟ್ಟಣದಲ್ಲಿ ಹಾಲೆಮರದ ತುಂಡುಗಳನ್ನು ಕಡಸಲು ಯಂತ್ರದ ಮನೆಗೂ, ಅರಗು ಹಚ್ಚಿದ ಗೊಂಬೆಗಳನ್ನು ಅಂಗಡಿಗೂ ಸಾಗಿಸಿದ್ದು ಇದೇ ಕ್ಯಾರಿಯರು. (ಮಗು ಹಿಡಿದು ನಡೆಯಲೆಂದು ಮೂರು ಚಕ್ರದ ಮರದ ಗಾಡಿ ಮಾಡುವ ಊರು ಅದು, ಅಲ್ಲಿಯ ಮಗು ನಡಿಗೆಯನ್ನು ಕಲಿಯುವುದೇ ಚಕ್ರದ ಜೊತೆ.) ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು. ಇಂಥ ಸೈಕಲ್ಲುಗಳ ಮೇಲೆ ಎಷ್ಟೋ ಸಲ ಕೂರುವವರೇ ಇರುವುದಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆಯುತ್ತಾರೆ. ಮೊಪೆಡ್ಡು, ಆಟೋ, ಟೆಂಪೋ ಬಂದು ಇದು ಬಹಳಷ್ಟು ಕಡಿಮೆಯಾಗಿದೆ ಎಂಬುದನ್ನು ಒಪ್ಪೋಣ. ಪೂರ್ತಿ ಹೋಗಿಲ್ಲ.

ಸಾರಿಗೆ ಶಾಸ್ತ್ರದಲ್ಲಿ ಇವರಿಗೊಂದು ಪಾರಿಭಾಷಿಕ ಪದವಿದೆ. ಬೇರೆ ಗತಿಯಿಲ್ಲದೆ ಸೈಕಲ್ ತುಳಿಯುವವರನ್ನು 'ಕ್ಯಾಪ್ಟಿವ್', ಸೆರೆಸಿಕ್ಕವರು ಎನ್ನುತ್ತಾರೆ. ಕಾರಿದ್ದೂ ಸೈಕಲ್ ಏರುವವರನ್ನು 'ಚಾಯ್ಸ್', ಆಯ್ದುಕೊಂಡವರು ಎನ್ನುತ್ತಾರೆ. ಯೋಜನೆಗಳೆಲ್ಲ ಎರಡನೆಯವರನ್ನು ಓಲೈಸಲು. ಮೊದಲನೆಯವರು ಹೇಗೂ ತುಳಿಯುತ್ತಾರಲ್ಲ! ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ಒಂದು ಮಸೂದೆಯ ಕರಡು ಸಿದ್ಧಪಡಿಸಿತು. ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳನ್ನು ಕಾನೂನಿಗೆ ತರುವ ಒಳ್ಳೆಯ ಪ್ರಯತ್ನವದು. ಅದರಲ್ಲಿ ಬಳಸಿದ್ದು 'ಆ್ಯಕ್ಟಿವ್ ಮೊಬಿಲಿಟಿ', ಅಂದರೆ ಸಕ್ರಿಯ ಸಂಚಾರ ಎಂಬ ಪದ. ಮೋಟಾರುರಹಿತ ಎಂಬ 'ಇಲ್ಲ'ದ ಹೆಸರಿಗಿಂತ ಇದು ಎಷ್ಟೋ ವಾಸಿ. ಆದರೂ ದಿನವಿಡೀ ಬಿಸಿನೀರಿನ ಬಾಣಲೆಯ ಮುಂದೆ ನಿಂತು ಸಂಜೆ ಸೈಕಲ್ ತುಳಿದು ಮನೆಗೆ ಹೋಗುವ ನೂಲಿನ ಕೆಲಸದವಳಿಗೆ ಸಕ್ರಿಯಳಾಗಿರು ಎಂದು ಹೇಳುವ ಅಗತ್ಯ ಇದೆಯೇ ಎಂದು ನಮಗೆ ಅನ್ನಿಸದೆ ಇರಲಿಲ್ಲ.

ಸೆರೆ ಎಂಬ ಪದವನ್ನು ತಲೆಕೆಳಗು ಮಾಡಿದ್ದು ಹುಡುಗಿಯರು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ, ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರ ಉತ್ತೇಜನದಿಂದ ಗ್ರಾಮೀಣ ಹೆಂಗಸರಿಗೆ ಸೈಕಲ್ ಕಲಿಸಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು ಕಲಿತರು, ಅವರಲ್ಲಿ ಮುಸ್ಲಿಂ ಯುವತಿಯರೂ ಇದ್ದರು; ಪತ್ರಕರ್ತ ಪಿ. ಸಾಯಿನಾಥ್ ಅದನ್ನು ದಾಖಲಿಸಿದ್ದಾರೆ. ಅಲ್ಲಿ ಸೈಕಲ್ಲಿಗೆ ಸಿಕ್ಕ ಅರ್ಥ ಬಿಡುಗಡೆ. ಬಿಹಾರದಲ್ಲಿ 2006ರಿಂದ ಹೈಸ್ಕೂಲು ಹುಡುಗಿಯರಿಗೆ ಸೈಕಲ್ ಕೊಟ್ಟಾಗ, ಶಾಲೆ ಸೇರುವವರ ಪ್ರಮಾಣ ಶೇ. 30ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದರು. ಕರ್ನಾಟಕದಲ್ಲೂ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ರಾಮನಗರದ ಶಾಸಕರೇ ಆಗಿದ್ದರು. ನಮ್ಮ ಹಳ್ಳಿ ರಸ್ತೆಗಳಲ್ಲಿ ಬೆಳಗ್ಗೆ ಸಾಲುಗಟ್ಟಿ ಬರುವ ಸಮವಸ್ತ್ರದ ಹುಡುಗಿಯರು, ಅವರಲ್ಲಿ ದುಪಟ್ಟಾವನ್ನು ಚೈನಿಗೆ ಸಿಕ್ಕದಂತೆ ಸೊಂಟಕ್ಕೆ ಬಿಗಿದ ನಮ್ಮ ಮನೆಯ ಹುಡುಗಿಯರು, ಆ ವರ್ಷಗಳ ಚಿತ್ರ. ಮಗಳು ಸೈಕಲ್ ತುಳಿಯುವುದೇ ಎಂದು ಮೂಗೆಳೆಯುತ್ತಿದ್ದ ಹಿರಿಯರು ಸರ್ಕಾರವೇ ಕೊಟ್ಟಿದೆ ಎಂದಾಗ ಸುಮ್ಮನಾದರು. ಕೋವಿಡ್ ಬಂದ 2020ರ ನಂತರ ವಿತರಣೆ ನಿಂತಿತು. ಯೋಜನೆ ಇದ್ದಾಗಲೂ ಅದು ಶಿಕ್ಷಣ ಇಲಾಖೆಯದಾಗಿತ್ತು, ಸಾರಿಗೆಯದಲ್ಲ. ಅಷ್ಟು ಸೈಕಲ್ ಕೊಟ್ಟ ಸರ್ಕಾರ ಅವು ಓಡಲು ಶಾಲೆಯ ಮುಂದೆ ಒಂದಡಿ ಜಾಗ ಗುರುತಿಸಲಿಲ್ಲ.

ಈಗ ಪಂಕ್ಚರಿಗೆ ಬರೋಣ. ಚೂಪಾದುದು ಚುಚ್ಚಿ ಗಾಳಿ ಹೋಗುವುದಕ್ಕಷ್ಟೇ ಇದ್ದ ಹೆಸರು ಈಗ ಒಂದು ಸಮುದಾಯದ ಹೆಸರಾಗಿ ಬಳಕೆಯಾಗುತ್ತಿದೆ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿ ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ಸಂಸದರೊಬ್ಬರು, ಕಾಯ್ದೆಯನ್ನು ವಿರೋಧಿಸುವವರು ಅಕ್ಷರ ಬಾರದ ಪಂಕ್ಚರ್ ಅಂಗಡಿಯವರು ಎಂಬರ್ಥದಲ್ಲಿ ಮಾತಾಡಿದರು. 2025ರ ಏಪ್ರಿಲ್‌ನಲ್ಲಿ ಹರಿಯಾಣದ ಹಿಸಾರಿನಲ್ಲಿ ಪ್ರಧಾನಿಯವರು, ವಕ್ಫ್ ಆಸ್ತಿ ಸರಿಯಾಗಿ ಬಳಕೆಯಾಗಿದ್ದರ ಪಕ್ಷ ಮುಸ್ಲಿಂ ಯುವಕರು ಸೈಕಲ್ ಪಂಕ್ಚರ್ ಹಾಕಿ ಬದುಕಬೇಕಾಗಿರಲಿಲ್ಲ ಎಂದರು. ಒಂದು ತಿರಸ್ಕಾರದಲ್ಲಿ ಹೇಳಿದ್ದು, ಇನ್ನೊಂದು ಕನಿಕರದಂತೆ ಹೇಳಿದ್ದು. ಎರಡರಲ್ಲೂ ಪಂಕ್ಚರ್ ಹಾಕುವುದು ಕೆಳಮಟ್ಟದ ಕೆಲಸ ಎಂಬುದು ಯಾರೂ ಪ್ರಶ್ನಿಸದ ಸತ್ಯದಂತಿದೆ. ನಮ್ಮವರಲ್ಲೂ ಅನೇಕರು ಇದಕ್ಕೆ ಉತ್ತರ ಕೊಡುವಾಗ, ನಮ್ಮಲ್ಲಿ ಡಾಕ್ಟರಿದ್ದಾರೆ, ವಿಜ್ಞಾನಿಗಳಿದ್ದಾರೆ ಎಂದು ಪಟ್ಟಿ ಕೊಟ್ಟರು. ಪಟ್ಟಿ ಸುಳ್ಳಲ್ಲ. ಆದರೆ ಪಂಕ್ಚರ್ ಹಾಕುವವನನ್ನು ನಾವೂ ಅಡಗಿಸಿಟ್ಟಂತಾಯಿತು.

ಅಂಕಿ-ಅಂಶ ಏನು ಹೇಳುತ್ತದೆ? 2006ರ ನವೆಂಬರಿನ ಸಾಚಾರ್ ಸಮಿತಿ ವರದಿಯ ಪ್ರಕಾರ ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಮಂದಿ ಸ್ವಂತ ಉದ್ಯೋಗದವರು. ಹಿಂದೂಗಳಲ್ಲಿ ಈ ಪ್ರಮಾಣ ಶೇ. 55. ಮುಸ್ಲಿಂ ಗಂಡಸರಲ್ಲಿ ಶೇ. 12ಕ್ಕೂ ಹೆಚ್ಚು ಮಂದಿ ಬೀದಿ ವ್ಯಾಪಾರ ಮಾಡುತ್ತಿದ್ದರು, ದೇಶದ ಸರಾಸರಿ ಶೇ. 8ಕ್ಕಿಂತ ಕಡಿಮೆ. ಹಳೆ ಪಾತ್ರೆ, ಗುಜರಿ, ಬಟ್ಟೆ, ಐಸ್‌ಕ್ಯಾಂಡಿ ಹಿಡಿದು ಮಾಗಡಿಯಿಂದ ಹಳ್ಳಿ ಹಳ್ಳಿಗೆ ಸೈಕಲ್ ತುಳಿದವರು ಈ ಶೇ. 12ರೊಳಗಿನವರು. ಓದಿ ಬೇರೆ ಕೆಲಸಕ್ಕೆ ಹೋಗುವ ಅವಕಾಶ ಅವರ ಮಕ್ಕಳಿಗೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾರಿಗೆಯ ಕಣ್ಣಿನಿಂದ ನೋಡಿದರೆ ರಸ್ತೆಬದಿಯಲ್ಲಿ ಒಂದು ನೀರಿನ ಬೋಗುಣಿ, ಒಂದು ಪಂಪು, ಮರಳು ಕಾಗದ, ಸೊಲ್ಯೂಷನ್ ಇಟ್ಟುಕೊಂಡು ಕೂತವನು ಈ ವ್ಯವಸ್ಥೆಯ ಆಧಾರ. ಅವನಿಲ್ಲದೆ ಸೈಕಲ್ ಎರಡು ದಿನ ಓಡುವುದಿಲ್ಲ. ಸೈಕಲ್ ಬಳಕೆ ಹೆಚ್ಚಿರುವ ಹಾಲೆಂಡಿನಲ್ಲಿ ರೈಲು ನಿಲ್ದಾಣಗಳಲ್ಲಿ ರಿಪೇರಿ ಅಂಗಡಿ ಇರುವುದನ್ನು ಸೌಕರ್ಯ ಎಂದು ಕರೆದು, ನಮ್ಮ ಯೋಜಕರು ಕರೆಸಿ ಭಾಷಣ ಕೇಳುತ್ತಾರೆ.

ಹಾಲೆಂಡಿನ ಮಾತು ಬಂದದ್ದರಿಂದ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಕನ್ನಡದಲ್ಲಿ ನಾವು ಎಲ್ಲವನ್ನೂ 'ಸೈಕಲ್ ಪಥ' ಎನ್ನುತ್ತೇವೆ. ಪರಿಭಾಷೆಯಲ್ಲಿ ಅವು ಬೇರೆ ಬೇರೆ. ಇರುವ ರಸ್ತೆಯ ಅಂಚಿನಲ್ಲೇ ಬಣ್ಣದ ಗೆರೆ ಎಳೆದರೆ ಅದು ಲೇನ್. ಕಟ್ಟೆಯೋ ಕಂಬವೋ ಅಡ್ಡವಿಟ್ಟು ಮೋಟಾರು ಬಾರದಂತೆ ಮಾಡಿದರೆ ಟ್ರ್ಯಾಕ್. ಮೂರೂ ನಾಲ್ಕೂ ಒಂದೇ ಹೆಸರಿನಲ್ಲಿ ಸೇರಿಹೋದರೆ, ಗುತ್ತಿಗೆದಾರ ಬಣ್ಣ ಬಳಿದು ಪಥ ಕಟ್ಟಿದೆನೆಂದು ಬಿಲ್ಲು ಮಾಡಬಹುದು. ಬೆಂಗಳೂರಿನ ಜಯನಗರದಲ್ಲಿ ಸುಮಾರು ಹನ್ನೆರಡು ವರ್ಷದ ಹಿಂದೆ ಮಾಡಿದ ಪಥಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ತಾತ್ಕಾಲಿಕ ಪಥವೂ ಹೆಚ್ಚು ಕಾಲ ಬಾಳಲಿಲ್ಲ.

ಪ್ರತ್ಯೇಕ ದಾರಿ ಬೇಕೇ ಬೇಡವೇ ಎಂಬ ವಾದಕ್ಕೇ 90 ವರ್ಷ ತುಂಬಿದೆ. 1934ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಾರಿಗೆ ಸಚಿವ ಹೋರ್-ಬೆಲಿಷಾ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಎರಡೂವರೆ ಮೈಲಿ ಉದ್ದದ ಸೈಕಲ್ ಟ್ರ್ಯಾಕ್ ಉದ್ಘಾಟಿಸಿದಾಗ ವಿರೋಧಿಸಿದ್ದು ಸೈಕಲ್ ಸಂಘಟನೆಗಳೇ. ಇಂದು ಪಕ್ಕದಲ್ಲಿ ದಾರಿ ಕೊಟ್ಟವರು ನಾಳೆ ಮುಖ್ಯ ರಸ್ತೆಯಿಂದ ಹೊರಹಾಕುತ್ತಾರೆ ಎಂಬುದು ಅವರ ಅಂಜಿಕೆ. 1970ರ ದಶಕದಲ್ಲಿ ಅಮೆರಿಕದ ಜಾನ್ ಫಾರೆಸ್ಟರ್ ಇದನ್ನೇ ಸಿದ್ಧಾಂತ ಮಾಡಿದ: ಸೈಕಲ್ ಒಂದು ವಾಹನ, ಅದರ ಸವಾರ ಚಾಲಕ, ಚಾಲಕನಂತೆ ಓಡಿಸಿ, ಚಾಲಕನಂತೆ ನಡೆಸಿಕೊಳ್ಳಲ್ಪಟ್ಟರೆ ಅವನು ಕ್ಷೇಮ. ಅದೇ ದಶಕದಲ್ಲಿ ಡಚ್ಚರು ರಸ್ತೆಯಲ್ಲಿ ಸಾಯುತ್ತಿದ್ದ ಮಕ್ಕಳ ಹೆಸರಿನಲ್ಲಿ ಬೀದಿಗಿಳಿದು ಪ್ರತ್ಯೇಕ ದಾರಿ ಕಟ್ಟಿಸಿಕೊಂಡರು. ಇಂದು ಎಂಟು ವರ್ಷದ ಮಗುವೂ ಎಂಬತ್ತರ ಮುದುಕಿಯೂ ಸೈಕಲ್ ತುಳಿಯುವುದು ಹಾಲೆಂಡಿನಲ್ಲಿ. ನಮ್ಮ ಮನಸ್ಸು ಡಚ್ಚರ ಕಡೆಗೇ. ಆದರೂ 1934ರವರ ಅಂಜಿಕೆ ಸುಳ್ಳಾಗಿರಲಿಲ್ಲ ಎನ್ನಲು ನಮ್ಮ ಹೆದ್ದಾರಿಯ ಫಲಕವೇ ಸಾಕ್ಷಿ.

ಇಂಗ್ಲಿಷಿನ 'ರೈಟ್ ಆಫ್ ವೇ' ಎಂದರೆ ದಾರಿಯ ಮೇಲೆ ನನ್ನ ಹಕ್ಕು, ಮೊದಲು ಹೋಗುವ ಹಕ್ಕು. ಹದೀಸ್ ಸಾಹಿತ್ಯದಲ್ಲಿ ಇದೇ ಎರಡು ಪದಗಳು ಸೇರಿ ಬೇರೆಯೇ ಅರ್ಥ ಕೊಡುತ್ತವೆ. ಹಕ್ಕುತ್ತರೀಕ್ ಎಂದರೆ ನಮ್ಮ ಮೇಲೆ ದಾರಿಗೆ ಇರುವ ಹಕ್ಕು. ದಾರಿಯಲ್ಲಿ ಕೂರುವವರು ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ತಾಕೀತು ಮಾಡಿದರು. ಯಾರಿಗೂ ತೊಂದರೆ ಕೊಡದಿರುವುದು ಅದರಲ್ಲೊಂದು. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂಬ ತೀರ್ಮಾನವೂ ಬುಖಾರಿಯಲ್ಲಿದೆ. ಹೊರೆ ಹೊತ್ತ ಒಂಟೆಗಳು ಎದುರುಬದುರಾಗಿ ಹಾಯ್ದುಹೋಗಲು ಎಂದು ಇಸ್ಲಾಮಿಕ್ ನಗರಗಳ ಚರಿತ್ರಕಾರರು ಇದನ್ನು ವಿವರಿಸುತ್ತಾರೆ. ಅಲ್ಲಿ ಅಳತೆಗೋಲು ಹೊರೆ ಹೊತ್ತದ್ದು. ನಮ್ಮ ಕೋಷ್ಟಕದಲ್ಲಿ ಖಾಲಿ ಕಾರು. ಪೇಟೆಬೀದಿಯಲ್ಲಿ ಜುಮಾ ನಮಾಝಿನ ಹೊತ್ತಿಗೆ ಅಡ್ಡಾದಿಡ್ಡಿ ಬೈಕು ನಿಲ್ಲಿಸಿ ಹೋಗುವ ನಾವು ಇದನ್ನು ಬೇರೆಯವರಿಗೆ ಹೇಳುವ ಮೊದಲು ನೆನಪು ಮಾಡಿಕೊಳ್ಳುವುದು ಒಳ್ಳೆಯದು.

ಹೆದ್ದಾರಿಯ ಮುಖ್ಯ ಪಥದಿಂದ ಸೈಕಲ್ಲನ್ನು ಹೊರಗಿಟ್ಟದ್ದು ತಪ್ಪೆಂದು ನಾವು ಹೇಳುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ಓಡುವ ಕಾರಿನ ಪಕ್ಕದಲ್ಲಿ ಗೂಡಿನ ಚೀಲ ಹೊತ್ತ ಸೈಕಲ್ ಇರಕೂಡದು. ಪ್ರಶ್ನೆ ಇರುವುದು ಅದನ್ನು ಎಲ್ಲಿಗೆ ಕಳಿಸಿದರು ಎಂಬುದರಲ್ಲಿ. ಬೈಕು, ಆಟೋ, ಟ್ರ್ಯಾಕ್ಟರ್, ಊರಿಂದೂರಿಗೆ ಹೋಗುವ ಬಸ್ಸು ಎಲ್ಲವೂ ಓಡುವ ಎರಡು ಲೇನಿನ ಸರ್ವಿಸ್ ರಸ್ತೆಗೆ. ಆ ಕಡೆಯಿಂದ ಈ ಕಡೆಗೆ ದಾಟಲು ಅಂಡರ್‌ಪಾಸು. 2022ರ ಆಗಸ್ಟ್ ಕೊನೆಯ ಮಳೆಯಲ್ಲಿ ರಾಮನಗರದ ಹತ್ತಿರ ಅಂಥ ಅಂಡರ್‌ಪಾಸಿನಲ್ಲಿ ಬಸ್ಸುಗಳೇ ಮುಳುಗಿದ್ದವು, 2023ರ ಮಾರ್ಚ್ ಮಳೆಗೂ ನೀರು ನಿಂತಿತು. ಇತ್ತ ಬೈಪಾಸ್ ಆದ ಮೇಲೆ ರಾಮನಗರ, ಚನ್ನಪಟ್ಟಣದ ಊರೊಳಗಿನ ಹಳೆಯ ಹೆದ್ದಾರಿ ದೂರದ ವಾಹನಗಳ ಭಾರದಿಂದ ಬಿಡುಗಡೆಯಾಗಿದೆ. ಟ್ರ್ಯಾಕ್ ಮಾಡುವುದಿದ್ದರೆ ಅಲ್ಲಿ ಜಾಗವಿದೆ.

ಅದಕ್ಕೆ ಹೊಸ ಕಾನೂನು ಕೂಡ ಬೇಕಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಷ್ಟು ಹಿಂದೆಯೇ ಸೈಕಲ್ ಟ್ರ್ಯಾಕಿಗೆ ಮಾನದಂಡ ಬರೆದಿಟ್ಟಿತ್ತು. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡುವ ರಸ್ತೆಯಲ್ಲಿ, ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 100 ಸೈಕಲ್ ಇದ್ದರೂ ಪ್ರತ್ಯೇಕ ಟ್ರ್ಯಾಕ್ ಸಮರ್ಥನೀಯ ಎಂದಿತ್ತು. ಆ ದಾಖಲೆ 2015ರಲ್ಲಿ ಪರಿಷ್ಕರಣೆಯಾಯಿತು. ಊರೊಳಗಿನ ಹಳೆಯ ರಸ್ತೆಯಲ್ಲಿ ಮೋಟಾರು ಗಂಟೆಗೆ 200 ದಾಟುವುದರಲ್ಲಿ ಯಾರಿಗೂ ಸಂಶಯವಿರಲಾರದು. ಉಳಿದದ್ದು ಸೈಕಲ್ಲನ್ನು ಎಣಿಸುವ ಕೆಲಸ. ಅದಕ್ಕೆ ಒಬ್ಬ ಮನುಷ್ಯ, ಒಂದು ಕುರ್ಚಿ, ಒಂದು ನೋಟುಪುಸ್ತಕ ಸಾಕು: ಶಾಲೆ ಬಿಡುವ ಹೊತ್ತು, ಗೂಡು ಮಾರುಕಟ್ಟೆಯ ಹರಾಜು ಮುಗಿಯುವ ಹೊತ್ತು, ಸಂಜೆ ರೀಲಿಂಗ್ ಘಟಕಗಳು ಬಾಗಿಲು ಹಾಕುವ ಹೊತ್ತು. ಯಾವುದಾದರೂ ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಮಸೀದಿ ಕಮಿಟಿಯ ಯುವಕರು, ರೈತ ಸಂಘದವರು ಸೇರಿ ಒಂದು ವಾರ ಕೂತರೆ ಜಿಲ್ಲಾಧಿಕಾರಿಯ ಮುಂದಿಡಲು ಒಂದು ಅಂಕಿ ಸಿಗುತ್ತದೆ. ಎಣಿಸುವಾಗ ಹೊರೆಯ ಸೈಕಲ್ಲನ್ನು ತಳ್ಳಿಕೊಂಡು ಬರುವವರನ್ನು ಪಾದಚಾರಿ ಎಂದು ಬರೆದುಬಿಡುವ ಸಾಧ್ಯತೆ ಇದೆ. ಅವರನ್ನು ಸೈಕಲ್ಲಿನ ಕಾಲಮ್ಮಿನಲ್ಲೇ ಬರೆಯಬೇಕು, ಎಲ್ಲರಿಗಿಂತ ಹೆಚ್ಚು ಅಗಲ ಬೇಕಾಗಿರುವುದು ಅವರಿಗೆ.